80ರಿಂದ 125: ಜೆನೆರಿಕ್ ಮಾತ್ರೆಯ ಲೆಕ್ಕ

"ಜೆನೆರಿಕ್ ಮಾತ್ರೆಯಲ್ಲಿ ಔಷಧ ಶೇ. 20ರಷ್ಟು ಕಡಿಮೆ ಇದ್ದರೂ ಸರ್ಕಾರ ಒಪ್ಪುತ್ತದೆ, ಅದಕ್ಕೇ ಅದು ಅಗ್ಗ." ಈ ಮಾತನ್ನು ನಂಬಿ, ಬಿಪಿ, ಶುಗರ್‌ಗೆ ತಿಂಗಳು ತಿಂಗಳೂ ದುಬಾರಿ ಬ್ರ್ಯಾಂಡಿನ ಮಾತ್ರೆಯನ್ನೇ ಕೊಳ್ಳುವವರಿದ್ದಾರೆ. ಆ 20 ಎಲ್ಲಿಂದ ಬಂತು ಎಂಬುದನ್ನು ನಮ್ಮ ಸಂಖ್ಯಾಶಾಸ್ತ್ರದ ಪಾಠದಿಂದಲೇ ತಿಳಿಯಬಹುದು.

ಮೊದಲನೆಯದಾಗಿ, ಅದು ಮಾತ್ರೆಯೊಳಗಿನ ಔಷಧದ ತೂಕವಲ್ಲ. ಮೂಲ ಮಾತ್ರೆ 500 ಮಿ.ಗ್ರಾಂ. ಆಗಿದ್ದರೆ ಜೆನೆರಿಕ್ ಕೂಡ 500 ಮಿ.ಗ್ರಾಂ. ಇರಬೇಕು. ನುಂಗಿದ ಮೇಲೆ ಔಷಧ ರಕ್ತಕ್ಕೆ ಎಷ್ಟು ಸೇರಿತು, ಎಷ್ಟು ಬೇಗ ಸೇರಿತು ಎಂಬುದೇ ಪ್ರಶ್ನೆ. ಇದನ್ನು ಅಳೆಯುವುದು ಬಯೋಈಕ್ವಿವಲೆನ್ಸ್ ಪರೀಕ್ಷೆ. ಸಾಮಾನ್ಯವಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಒಂದು ಮಾತ್ರೆ, ಕೆಲವು ದಿನ ಬಿಟ್ಟು ಇನ್ನೊಂದು ಮಾತ್ರೆ ಕೊಟ್ಟು, ಆಗಾಗ ರಕ್ತ ತೆಗೆದು ಔಷಧದ ಮಟ್ಟ ನೋಡುತ್ತಾರೆ. ಒಬ್ಬರೇ ಎರಡನ್ನೂ ನುಂಗುವುದರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸ ಲೆಕ್ಕ ಕೆಡಿಸುವುದಿಲ್ಲ.

ನಾವು ಕಲಿಯುವ ಪರೀಕ್ಷೆಗಳಲ್ಲಿ 'ವ್ಯತ್ಯಾಸವಿಲ್ಲ' ಎಂಬುದು ನಲ್ ಹೈಪೋಥಿಸಿಸ್. ಇಲ್ಲಿ ಅದು ತಿರುಗುಮುರುಗು. ಕೆಲವೇ ಜನರನ್ನು ಪರೀಕ್ಷಿಸಿದರೆ ಇರುವ ವ್ಯತ್ಯಾಸವೂ ಕಾಣದೆ ಹೋಗಬಹುದು. ಆದ್ದರಿಂದ 'ಎರಡೂ ಬೇರೆ' ಎಂದೇ ಹೊರಟು, ಸಮಾನ ಎಂದು ಸಾಬೀತು ಮಾಡುವ ಹೊಣೆಯನ್ನು ಕಂಪನಿಗೆ ಹೊರಿಸಲಾಗಿದೆ. ಅಮೆರಿಕದ ಎಫ್‌ಡಿಎಯ ಡೊನಾಲ್ಡ್ ಶುಯಿರ್ಮನ್ 1987ರಲ್ಲಿ ಈ ವಿಧಾನವನ್ನು ವಿವರಿಸಿದರು. ತೀರಾ ಕಡಿಮೆಯಿಲ್ಲ, ತೀರಾ ಹೆಚ್ಚಿಲ್ಲ ಎಂದು ಶೇ. 5ರ ಮಟ್ಟದಲ್ಲಿ ಎರಡು ಪರೀಕ್ಷೆ ಮಾಡುವುದರಿಂದ ಶೇ. 90ರ ಕಾನ್ಫಿಡೆನ್ಸ್ ಇಂಟರ್ವಲ್ ಬಳಸುತ್ತಾರೆ.

ಆ ಇಂಟರ್ವಲ್ ಪೂರ್ತಿಯಾಗಿ 80ರಿಂದ 125ರ ಒಳಗಿರಬೇಕು. ಸರಾಸರಿ ಮಾತ್ರ ಒಳಗಿದ್ದರೆ ಸಾಲದು. ಉದಾಹರಣೆಗೆ, ಜೆನೆರಿಕ್‌ನ ಸರಾಸರಿ ಮೂಲ ಮಾತ್ರೆಯ ಶೇ. 95, ಇಂಟರ್ವಲ್ 88.5ರಿಂದ 102 ಆದರೆ ಪಾಸು. ಸರಾಸರಿ 88, ಇಂಟರ್ವಲ್ 79ರಿಂದ 98 ಆದರೆ ಫೇಲು. 120 ಬಿಟ್ಟು 125 ಏಕೆ? ಹೋಲಿಕೆ ನಡೆಯುವುದು ಲಾಗರಿದಮ್‌ನಲ್ಲಿ, ಅಂದರೆ ಅನುಪಾತದಲ್ಲಿ. 80/100 ಅನ್ನು ತಿರುಗಿಸಿದರೆ 100/80, ಅಂದರೆ 1.25.

ಎಫ್‌ಡಿಎ 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ರಕ್ತಕ್ಕೆ ಸೇರಿದ ಒಟ್ಟು ಔಷಧದಲ್ಲಿ ಸರಾಸರಿ ವ್ಯತ್ಯಾಸ ಶೇ. 3.56 ಮಾತ್ರ ಇತ್ತು.

ನಮ್ಮ ದೇಶದ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮಾರುಕಟ್ಟೆಗೆ ಬಂದು ನಾಲ್ಕು ವರ್ಷ ಕಳೆದ ಔಷಧಗಳ ಜೆನೆರಿಕ್‌ಗೆ ಮೊದಲು ಈ ಪರೀಕ್ಷೆ ಬೇಕಿರಲಿಲ್ಲ. ಸುಲಭವಾಗಿ ಕರಗದ ಗುಂಪಿನ ನುಂಗುವ ಔಷಧಗಳಿಗೆ ಪರವಾನಗಿ ಕೇಳುವಾಗ ಇದು ಕಡ್ಡಾಯವಾದದ್ದು 2017ರಲ್ಲಿ. ಹಾಗಾಗಿ ಅಂಗಡಿಯ ಪ್ರತಿ ಮಾತ್ರೆಯೂ ಈ ಪರೀಕ್ಷೆ ಮುಗಿಸಿ ಬಂದಿದೆ ಎನ್ನಲಾಗದು. ಅದು ಬ್ರ್ಯಾಂಡಿನ ಹೆಸರಿರುವ ಎಷ್ಟೋ ಮಾತ್ರೆಗಳಿಗೂ ಅನ್ವಯಿಸುತ್ತದೆ. ಬೆಲೆ ಹೆಚ್ಚಾದರೆ ಪರೀಕ್ಷೆ ಆಗಿದೆ ಎಂದರ್ಥವಲ್ಲ. ಮಾತ್ರೆ ಬದಲಿಸುವ ಮೊದಲು ವೈದ್ಯರನ್ನು ಕೇಳೋಣ. ಆದರೆ 'ಶೇ. 20 ಕಡಿಮೆ' ಎಂಬ ತಪ್ಪು ಲೆಕ್ಕಕ್ಕೆ ಹೆದರಿ ಯಾರೂ ಹೆಚ್ಚು ಹಣ ಕೊಡಬೇಕಾಗಿಲ್ಲ.