ಸೂರಿನಡಿಯ ಬಯಲು

ಬಯಲಿನ ಆಟಕ್ಕೆ ಸೂರೇಕೆ? ಸೆಕೆ, ಮಳೆ, ಸೊಳ್ಳೆಗಳಿಂದ ಬೇಸತ್ತ ಅಮೆರಿಕೆಯ ಹ್ಯೂಸ್ಟನ್ ನಗರವು 1965ರಲ್ಲಿ ಬೇಸ್‌ಬಾಲ್ ಅಂಗಣವನ್ನೇ ಒಂದು ಮಹಾಗುಮ್ಮಟದೊಳಗೆ ಇರಿಸಿತು. ಅದೇ ಆಸ್ಟ್ರೋಡೋಮ್. ಹುಲ್ಲು ಬದುಕಲೆಂದು ಛಾವಣಿಗೆ ಬೆಳಕು ಬಿಡುವ ಫಲಕಗಳನ್ನು ಹೊದಿಸಿದ್ದರು. ಹಗಲಿನ ಆ ಝಳಪಿನಲ್ಲಿ ಆಟಗಾರರಿಗೆ ಮೇಲೇರಿದ ಚೆಂಡೇ ಕಾಣದಾಯಿತು! ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ಹಾಸಿದ ಕೃತಕ ಹುಲ್ಲಿಗೆ ಗುಮ್ಮಟದ ಹೆಸರೇ ಅಂಟಿ ‘ಆಸ್ಟ್ರೋಟರ್ಫ್’ ಎನಿಸಿತು. ಸಂಗೀತ ಕಚೇರಿಗಳಿಗೂ, 1992ರ ರಿಪಬ್ಲಿಕನ್ ಪಕ್ಷದ ಮಹಾಧಿವೇಶನಕ್ಕೂ ಅದೇ ಸೂರು. 2000ದಲ್ಲಿ ತಂಡವು ಹೊಸ ಅಂಗಣಕ್ಕೆ ತೆರಳಿತು. ಆ ಸೂರಿಗೆ ನಿಜವಾದ ಕೆಲಸ ಬಿದ್ದುದು ಆಮೇಲೆಯೇ ಎನ್ನಬೇಕು: 2005ರಲ್ಲಿ ಕಟ್ರೀನಾ ಚಂಡಮಾರುತದಿಂದ ನ್ಯೂ ಆರ್ಲಿಯನ್ಸ್ ಮುಳುಗಿದಾಗ, ಮನೆ ಕಳೆದುಕೊಂಡ ಸಾವಿರಾರು ಮಂದಿ ಚೆಂಡು ಉರುಳಿದ್ದ ಆ ನೆಲದ ಮೇಲೆಯೇ ಸಾಲುಮಂಚಗಳಲ್ಲಿ ಮಲಗಿದರು.