ಕಾಂಡಕೋಶಗಳೂ ನೇತ್ರಚಿಕಿತ್ಸೆಯೂ

'ಕಾಂಡಕೋಶ'ವೆಂಬ ಶಬ್ದವು ಗಿಡದ ಕಾಂಡವನ್ನು ನೆನಪಿಗೆ ತರುವುದು ಸಹಜವಾದರೂ, ಅದರ ಮೂಲದಲ್ಲಿರುವ ಭಾವನೆಯು ವಂಶವೃಕ್ಷಕ್ಕೆ ಸಂಬಂಧಿಸಿದುದು. ಜರ್ಮನಿಯ ಪ್ರಾಣಿಶಾಸ್ತ್ರಜ್ಞನಾದ ಅರ್ನ್ಸ್ಟ್ ಹೆಕೆಲನು 1868ರಲ್ಲಿ 'ಷ್ಟಾಮ್‌ತ್ಸೆಲ್ಲೆ' ಎಂಬ ಪದವನ್ನು ಬಳಸಿದಾಗ, ಬಹುಕೋಶಜೀವಿಗಳಿಗೆಲ್ಲ ಮೂಲಪುರುಷನಂತಿದ್ದ ಏಕಕೋಶಜೀವಿಯು ಅವನ ಮನಸ್ಸಿನಲ್ಲಿದ್ದಿತು. ಈಗ ಈ ಹೆಸರು ದೇಹದೊಳಗಿನ ಕೆಲವು ಕೋಶಗಳಿಗೆ ಸಲ್ಲುತ್ತದೆ. ಅವುಗಳ ಲಕ್ಷಣಗಳು ಎರಡು: ಒಡೆದು ತಮ್ಮಂತಹ ಕೋಶವನ್ನು ಉಳಿಸಿಕೊಳ್ಳುವುದು ಒಂದು, ತಾವಿರುವ ಅಂಗಕ್ಕೆ ಬೇಕಾದ ಕೋಶಗಳನ್ನು ಹುಟ್ಟಿಸುವುದು ಇನ್ನೊಂದು. ಭ್ರೂಣದ ಕಾಂಡಕೋಶವು ಯಾವ ಅಂಗದ ಕೋಶವಾದರೂ ಆಗಬಲ್ಲುದು. ಬೆಳೆದ ದೇಹದಲ್ಲಿರುವುದಾದರೋ ಸಾಮಾನ್ಯವಾಗಿ ತನ್ನ ಮನೆಯ ಕೆಲಸವನ್ನು ಮಾತ್ರ ಬಲ್ಲುದು. ಈ ಮಿತಿಯಲ್ಲಿಯೇ ಅದರ ಉಪಯೋಗವೂ ಅಡಗಿದೆ. ಇದಕ್ಕೆ ಕಣ್ಣು ಉತ್ತಮ ನಿದರ್ಶನವು.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲ್ಪೊರೆಯು ಸದಾ ಸವೆಯುತ್ತಲೂ ಹೊಸದಾಗುತ್ತಲೂ ಇರುವುದು. ಹೊಸ ಕೋಶಗಳು ಬರುವುದು, ಕಾರ್ನಿಯಾವೂ ಬಿಳಿಗುಡ್ಡೆಯೂ ಕೂಡುವ ಅಂಚಾದ ಲಿಂಬಸ್ಸಿನಿಂದ. ಸುಣ್ಣವೋ ಆಮ್ಲವೋ ಸಿಡಿದು ಈ ಅಂಚು ಸುಟ್ಟುಹೋದರೆ, ಪಕ್ಕದ ಪೊರೆಯು ರಕ್ತನಾಳಗಳೊಡನೆ ಕಾರ್ನಿಯಾದ ಮೇಲೆ ಹಬ್ಬಿ ದೃಷ್ಟಿಯನ್ನು ಮರೆಮಾಡುವುದು. ಅಂತಹ ಕಣ್ಣಿಗೆ ಮೃತರ ಕಾರ್ನಿಯಾವನ್ನು ಮಾತ್ರ ಜೋಡಿಸಿದರೆ ಸಾಲದು. ಅದರ ಮೇಲ್ಪೊರೆಯನ್ನು ನವೀಕರಿಸುವ ಮೂಲವೇ ಅಲ್ಲಿ ಉಳಿದಿರುವುದಿಲ್ಲ.

1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ, ಮಿಕೆಲೆ ದೆ ಲೂಕಾ ಮೊದಲಾದವರು ರೋಗಿಯ ಒಳ್ಳೆಯ ಕಣ್ಣಿನ ಅಂಚಿನಿಂದ 1-2 ಚದರ ಮಿಲಿಮೀಟರಿನಷ್ಟು ಚೂರನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಸಿ, ಕೆಟ್ಟ ಕಣ್ಣಿಗೆ ಹೊದಿಸಿದ ವಿವರವನ್ನು ಪ್ರಕಟಿಸಿದರು. 112 ರೋಗಿಗಳ ಫಲಿತಾಂಶವು 2010ರಲ್ಲಿ ಹೊರಬಂದಿತು. ಬೆಳೆಸಿದ ಪೊರೆಯಲ್ಲಿ ವಂಶವೃದ್ಧಿಗೆ ಶಕ್ತವಾದ ಕೋಶಗಳ ಪೈಕಿ ಕಾಂಡಕೋಶಗಳು ನೂರಕ್ಕೆ 3ನ್ನು ಮೀರಿದ್ದಲ್ಲಿ ನೂರಕ್ಕೆ 78 ಮಂದಿಗೆ ಗುಣವಾಗಿತ್ತು. 3 ಅಥವಾ ಅದಕ್ಕೂ ಕಡಮೆಯಿದ್ದಲ್ಲಿ ನೂರಕ್ಕೆ 11 ಮಂದಿಗೆ ಮಾತ್ರ. ಕೋಶಗಳ ರಾಶಿಗಿಂತಲೂ ಅದರೊಳಗಿನ ಮೂಲವೇ ಪ್ರಧಾನವೆಂಬುದು ಇದರಿಂದ ವಿಶದವಾಗುವುದು.

2012ರಲ್ಲಿ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರಸಂಸ್ಥೆಯ ವೈದ್ಯರು ಪ್ರಯೋಗಶಾಲೆಯ ಕೃಷಿಯೇ ಬೇಡದ ಕ್ರಮವೊಂದನ್ನು ವಿವರಿಸಿದರು. ಒಳ್ಳೆಯ ಕಣ್ಣಿನ ಅಂಚಿನ ಚೂರನ್ನು 8-10 ತುಣುಕುಗಳಾಗಿ ಮಾಡಿ, ಕೆಟ್ಟ ಕಣ್ಣಿನ ಮೇಲೆ ಹಾಸಿದ ಆಮ್ನಿಯಾನ್ ಪೊರೆಗೆ, ಎಂದರೆ ಗರ್ಭದಲ್ಲಿ ಶಿಶುವನ್ನು ಸುತ್ತಿರುವ ಪೊರೆಗೆ, ಅಂಟಿಸುವುದು ಈ ಕ್ರಮ. ಬಿತ್ತಿದ ಬೀಜಗಳಂತೆ ಅವು ಕಣ್ಣಿನಲ್ಲಿಯೇ ಬೆಳೆದು ಹಬ್ಬುವುವು. ಇದರಿಂದ ವೆಚ್ಚವು ಇಳಿದುದು ಬಡರೋಗಿಗಳಿಗೆ ದೊಡ್ಡ ಉಪಕಾರ.

ಆದರೆ ಎರಡು ಕಣ್ಣುಗಳ ಅಂಚೂ ಪೂರ್ತಿ ಸುಟ್ಟವರಲ್ಲಿ ಎರವಲು ಕೊಡುವ ಒಳ್ಳೆಯ ಕಣ್ಣಿಲ್ಲ. ಅನ್ಯರ ಅಂಚನ್ನು ತಂದಿರಿಸಿದರೆ, ದೇಹವು ಅದನ್ನು ತಿರಸ್ಕರಿಸದಂತೆ ರೋಗನಿರೋಧಶಕ್ತಿಯನ್ನು ಅಡಗಿಸುವ ಔಷಧಗಳನ್ನು ದೀರ್ಘಕಾಲ ಸೇವಿಸಬೇಕಾಗುವುದು. ಕಾಂಡಕೋಶದಿಂದ ಸಕಲ ರೋಗಗಳೂ ವಾಸಿಯಾಗುವುವೆಂಬ ಮಾತನ್ನು ಕೇಳಿದಾಗ, ಆ ಕೋಶವು ಯಾವ ಅಂಗದ್ದು, ಅದರ ಸಹಜವಾದ ಕೆಲಸವೇನು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ.