ಮಾತೆಗೆ ವಂದನೆ, ಮಗನಿಗೆ ಆರಾಧನೆ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಆಗಸ್ಟ್ 29ರಂದು ಧ್ವಜಾರೋಹಣವಾದ ದಿನದಿಂದಲೇ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದತ್ತ ಜನಪ್ರವಾಹ ಹರಿಯತೊಡಗುತ್ತದೆ. ಕಾವಿ ಬಣ್ಣದ ಉಡುಪು ತೊಟ್ಟು ಹರಕೆ ಹೊತ್ತು ಬರುವವರೆಷ್ಟೋ ಮಂದಿ. ಸೀರೆ ಉಡಿಸಿದ ಮಾತೆಯ ಸ್ವರೂಪದೆದುರು ಕಣ್ಣೀರು ಒರೆಸಿಕೊಳ್ಳುವವರೆಷ್ಟೋ ಮಂದಿ. ಅವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಕರಾವಳಿಯಲ್ಲಿ ಅದೇ ದಿನ ಮೊಂತಿ ಹಬ್ಬ. ಮಕ್ಕಳು ಒಂಬತ್ತು ದಿನ ಬಾಲಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಗುರುಗಳು ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆ ಸೇರುತ್ತದೆ. ಕುಟುಂಬವೆಲ್ಲ ಒಟ್ಟಿಗೆ ಕುಳಿತು ಹಬ್ಬದೂಟ ಮಾಡುತ್ತದೆ.

ಈ ಸಂಭ್ರಮದ ನಡುವೆಯೇ ನಮ್ಮ ಹಲವು ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಪ್ರೊಟೆಸ್ಟೆಂಟ್ ಮನೆತನದಿಂದ ಬಂದ ಸೊಸೆ ಸಂಜೆಯ ಜಪಸರದ ಹೊತ್ತಿಗೆ ಮೌನವಾಗಿರುತ್ತಾಳೆ. ಶಾಲೆಯಿಂದ ಬಂದ ಮಗು, “ನಾವು ಮರಿಯಮ್ಮನವರನ್ನು ದೇವರೆಂದು ಪೂಜಿಸುತ್ತೇವೆಯೇ?” ಎಂದು ಕೇಳುತ್ತದೆ. ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗಲಾರಂಭಿಸಿದ ಮಗ, ಮನೆಯ ಪೀಠದ ಮೇಲಿರುವ ಸ್ವರೂಪವನ್ನು ತೆಗೆದುಹಾಕಬೇಕೆಂದು ಹಠ ಹಿಡಿಯುತ್ತಾನೆ. ತಾಯಿ ಕಣ್ಣೀರಿಡುತ್ತಾಳೆ, ತಂದೆ ಗದರುತ್ತಾನೆ. ಆದರೆ ಗದರಿಕೆ ಉತ್ತರವಾಗದು. ಪ್ರಶ್ನೆ ಪ್ರಾಮಾಣಿಕವಾಗಿದ್ದರೆ ಉತ್ತರವೂ ಪ್ರಾಮಾಣಿಕವಾಗಿರಬೇಕು. ಅದಕ್ಕಾಗಿ ಮೊದಲು ಅವರು ಏನು ಹೇಳುತ್ತಾರೆ, ಅನಂತರ ನಮ್ಮ ಧರ್ಮಸಭೆ ಏನು ಬೋಧಿಸುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ಆಕ್ಷೇಪಣೆಯ ಮೂಲ

ಪ್ರೊಟೆಸ್ಟೆಂಟ್ ಸುಧಾರಣೆಯ ಹರಿಕಾರ ಮಾರ್ಟಿನ್ ಲೂಥರ್ ಮಠ ಸೇರಿದ್ದೇ ಒಬ್ಬ ಸಂತಳಿಗೆ ಮಾಡಿದ ಹರಕೆಯಿಂದ. 1505ರ ಜುಲೈ ತಿಂಗಳಲ್ಲಿ ಜರ್ಮನಿಯ ಹಾದಿಯೊಂದರಲ್ಲಿ ಸಿಡಿಲಿಗೆ ಬೆದರಿದ ಆ ತರುಣ, ಮರಿಯಮ್ಮನವರ ತಾಯಿ ಸಂತ ಅನ್ನಮ್ಮನವರನ್ನು ಕೂಗಿ ಕರೆದು, ಬದುಕುಳಿದರೆ ಸನ್ಯಾಸಿಯಾಗುವೆನೆಂದು ಮಾತು ಕೊಟ್ಟನು. ಮುಂದೆ ಅವನು ವಾಸಿಸಿದ ವಿಟನ್‌ಬರ್ಗ್ ನಗರದ ಕೋಟೆಯ ದೇವಾಲಯದಲ್ಲಿ ಅಲ್ಲಿನ ಅರಸನು ಸಂಗ್ರಹಿಸಿದ್ದ ಸುಮಾರು 19,000 ಪವಿತ್ರ ಅವಶೇಷಗಳಿದ್ದವು. ಅವುಗಳ ದರ್ಶನ ಪಡೆದು ಕಾಣಿಕೆ ಸಲ್ಲಿಸಿದವರಿಗೆ ಪಾಪದಂಡನೆಯಿಂದ ಇಷ್ಟು ವರ್ಷಗಳ ವಿನಾಯಿತಿ ಎಂಬ ಲೆಕ್ಕವೂ ಇತ್ತು. 1517ರ ಅಕ್ಟೋಬರ್ 31ರಂದು, ಅಂದರೆ ಸಕಲ ಸಂತರ ಹಬ್ಬದ ಮುನ್ನಾದಿನವೇ, ಲೂಥರನ 95 ವಾದಾಂಶಗಳು ಹೊರಬಂದವು ಎಂಬುದನ್ನು ಗಮನಿಸಬೇಕು.

ಆದರೂ ಲೂಥರ್ ಮಾತೆಯನ್ನು ಹಗುರವಾಗಿ ಕಂಡವನಲ್ಲ. 1521ರಲ್ಲಿ ಅವನು ಮರಿಯಮ್ಮನವರ ಸ್ತುತಿಗೀತೆಗೆ ಭಕ್ತಿಪೂರ್ಣವಾದ ವ್ಯಾಖ್ಯಾನವನ್ನೇ ಬರೆದನು. ಆಕೆ ದೇವಮಾತೆ, ಸದಾ ಕನ್ಯೆ ಎಂಬ ನಂಬಿಕೆಯನ್ನು ಉಳಿಸಿಕೊಂಡನು. ಅವನ ಅನುಯಾಯಿಗಳು 1530ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಚಕ್ರವರ್ತಿಗೆ ಒಪ್ಪಿಸಿದ ವಿಶ್ವಾಸ ಪ್ರಕಟಣೆಯ 21ನೇ ವಿಧಿಯು ಸಂತರನ್ನು ಸ್ಮರಿಸಬಹುದು, ಅವರ ಸತ್ಕಾರ್ಯಗಳನ್ನು ಅನುಸರಿಸಬಹುದು, ಆದರೆ ಅವರಲ್ಲಿ ಬೇಡಿಕೊಳ್ಳಲು ಪವಿತ್ರ ಗ್ರಂಥದಲ್ಲಿ ಆಧಾರವಿಲ್ಲ ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಸುಧಾರಕರು ಇನ್ನೂ ಮುಂದೆ ಹೋದರು. ಜ್ಯೂರಿಕ್ ನಗರದ ದೇವಾಲಯಗಳಿಂದ 1524ರಲ್ಲಿ ಸ್ವರೂಪಗಳನ್ನೆಲ್ಲ ಹೊರಹಾಕಲಾಯಿತು. ಜಾನ್ ಕಾಲ್ವಿನ್ ಪವಿತ್ರ ಅವಶೇಷಗಳನ್ನು ಗೇಲಿ ಮಾಡಿ 1543ರಲ್ಲಿ ಒಂದು ಪುಸ್ತಕವನ್ನೇ ಬರೆದನು.

ನಮ್ಮ ನಾಡಿನ ಪ್ರೊಟೆಸ್ಟೆಂಟ್ ಬಾಂಧವರು ಈ ಪರಂಪರೆಯ ವಾರಸುದಾರರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನಿಂದ ಹೊರಟದ್ದು. ಕನ್ನಡ ನಿಘಂಟನ್ನು 1894ರಲ್ಲಿ ಕೊಟ್ಟ ಕಿಟೆಲ್ ಅದೇ ಮಿಶನ್ನಿನವರು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮುಂತಾದ ಪರಂಪರೆಗಳು ಒಂದುಗೂಡಿದವು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿರುವ ಅವರ ಕಥೀಡ್ರಲ್ ಸಂತ ಮಾರ್ಕರ ಹೆಸರನ್ನೇ ಹೊತ್ತಿದೆ. ಅವರು ಸಂತರನ್ನು ಮರೆತಿಲ್ಲ. ಸಂತರಲ್ಲಿ ಬೇಡಿಕೊಳ್ಳುವುದನ್ನು ಬಿಟ್ಟಿದ್ದಾರೆ. ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥ ಎಂಬ ಸತ್ಯಕ್ಕೆ ಎಲ್ಲಿ ಕುಂದು ಬರುವುದೋ ಎಂಬ ಭಯ ಅವರದು. ಆ ಭಯದ ಹಿಂದೆ ಕ್ರಿಸ್ತನ ಮೇಲಿನ ಪ್ರೀತಿ ಇದೆ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳೋಣ.

‘ಪೂಜೆ’ ಎಂಬ ಪದದ ತೊಡಕು

ನಮ್ಮ ಉತ್ತರ ಎಡವುವುದು ಹಲವು ಬಾರಿ ಭಾಷೆಯಲ್ಲೇ. ಕನ್ನಡದಲ್ಲಿ ‘ಪೂಜೆ’ ಬಹು ವಿಶಾಲವಾದ ಪದ. ಬಲಿಪೂಜೆ ಎಂದಾಗ ಅದು ದೇವರೊಬ್ಬರಿಗೇ ಸಲ್ಲುವ ಪರಮಾರ್ಪಣೆ. ಆದರೆ ತಂದೆತಾಯಿಯರಿಗೆ ಬರೆಯುವ ಕಾಗದದಲ್ಲೂ ನಾವು ‘ಪೂಜ್ಯ’ ಎಂದು ಬರೆಯುತ್ತೇವೆ. ಗುರುಗಳನ್ನೂ ಹಾಗೆಯೇ ಕರೆಯುತ್ತೇವೆ. ಹೀಗಿರುವಾಗ “ಮರಿಯಮ್ಮನವರ ಪೂಜೆ” ಎಂದು ಸಲೀಸಾಗಿ ಹೇಳಿದರೆ, ಭಾನುವಾರದ ಉಪಾಸನೆಯನ್ನು ‘ಆರಾಧನೆ’ ಎಂದು ಕರೆಯುವ ನೆರೆಯ ಪ್ರೊಟೆಸ್ಟೆಂಟ್ ಬಂಧುವಿನ ಕಿವಿಗೆ ಅದು ಹೇಗೆ ಕೇಳಿಸೀತು?

ಧರ್ಮಸಭೆ ಈ ಭೇದವನ್ನು ಬಹು ಹಿಂದೆಯೇ ಸ್ಪಷ್ಟಪಡಿಸಿದೆ. 787ರಲ್ಲಿ ನಡೆದ ನೈಸಿಯದ ಎರಡನೆಯ ಮಹಾಸಭೆ, ನಿಜವಾದ ಆರಾಧನೆ ದೇವರಿಗೆ ಮಾತ್ರ ಸಲ್ಲುತ್ತದೆ, ಸ್ವರೂಪಗಳಿಗೆ ಸಲ್ಲುವುದು ಗೌರವವಂದನೆ, ಆ ಗೌರವವೂ ಚಿತ್ರಿತರಾದ ವ್ಯಕ್ತಿಗೆ ಸೇರುತ್ತದೆ ಎಂದು ಸಾರಿತು. ಮುಂದೆ ದೈವಶಾಸ್ತ್ರಿಗಳು ದೇವರಿಗೆ ಸಲ್ಲುವ ಆರಾಧನೆಗೆ ‘ಲಾತ್ರಿಯ’, ಸಂತರಿಗೆ ಸಲ್ಲುವ ಗೌರವಕ್ಕೆ ‘ದೂಲಿಯ’, ಮಾತೆಗೆ ಸಲ್ಲುವ ವಿಶೇಷ ಗೌರವಕ್ಕೆ ‘ಹೈಪರ್‌ದೂಲಿಯ’ ಎಂಬ ಗ್ರೀಕ್ ಮೂಲದ ಹೆಸರುಗಳನ್ನು ರೂಢಿಗೆ ತಂದರು. ಈ ಹೆಸರುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ. ದೇವರಿಗೆ ಆರಾಧನೆ, ಮಾತೆಗೂ ಸಂತರಿಗೂ ವಂದನೆ ಎಂಬ ಎರಡು ಕನ್ನಡ ಪದಗಳನ್ನು ಬೇರೆ ಬೇರೆಯಾಗಿ ಬಳಸುವುದನ್ನು ಕಲಿತರೆ ಸಾಕು.

ಗ್ರಂಥದ ಆಧಾರ

ಕ್ರಿಸ್ತನೊಬ್ಬನೇ ಮಧ್ಯಸ್ಥನೆಂಬ ವಾಕ್ಯ ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದ 5ನೇ ವಚನದಲ್ಲಿದೆ. ಅದನ್ನು ತೋರಿಸಿದೊಡನೆ ನಮ್ಮವರು ಕಂಗಾಲಾಗುವುದುಂಟು. ಅದೇ ಅಧ್ಯಾಯದ ಮೊದಲ ವಚನವನ್ನೂ ಓದಬೇಕು. ಎಲ್ಲರಿಗಾಗಿ ದೇವರಲ್ಲಿ ಬಿನ್ನೈಸಿ ಪ್ರಾರ್ಥಿಸಬೇಕೆಂದು ವಿಶ್ವಾಸಿಗಳಿಗೆ ಅಲ್ಲಿ ಆದೇಶವಿದೆ. ಒಬ್ಬರು ಇನ್ನೊಬ್ಬರಿಗಾಗಿ ಪ್ರಾರ್ಥಿಸುವುದರಿಂದ ಕ್ರಿಸ್ತನ ಮಧ್ಯಸ್ಥಿಕೆಗೆ ಕುಂದುಂಟಾಗುವುದಾದರೆ ಆ ಎರಡು ವಚನಗಳು ಒಂದೇ ಅಧ್ಯಾಯದಲ್ಲಿ ನಿಲ್ಲುತ್ತಿರಲಿಲ್ಲ. ಪ್ರೊಟೆಸ್ಟೆಂಟರೂ ತಮ್ಮ ಪಾಸ್ಟರರಲ್ಲಿ “ನಮಗಾಗಿ ಪ್ರಾರ್ಥಿಸಿರಿ” ಎಂದು ಕೇಳಿಕೊಳ್ಳುತ್ತಾರೆ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ಮೃತರಾದ ಬಳಿಕವೂ ಈ ಬಾಂಧವ್ಯ ಮುಂದುವರಿಯುತ್ತದೆಯೇ ಎಂಬಲ್ಲಿದೆ. ಸತ್ತವರನ್ನು ವಿಚಾರಿಸುವುದನ್ನು ಧರ್ಮೋಪದೇಶಕಾಂಡ ನಿಷೇಧಿಸಿದೆ ಎಂದು ಅವರು ನೆನಪಿಸುತ್ತಾರೆ. ಕ್ರಿಸ್ತನಲ್ಲಿ ಮಡಿದವರು ದೇವರ ಸನ್ನಿಧಿಯಲ್ಲಿ ಜೀವಂತರಾಗಿದ್ದಾರೆ, ಅವರಿಂದ ಭವಿಷ್ಯ ಕೇಳುವುದು ಬೇರೆ, ಅವರೊಡನೆ ಪ್ರಾರ್ಥಿಸುವುದು ಬೇರೆ ಎಂಬುದು ನಮ್ಮ ಉತ್ತರ. ಪ್ರಕಟನಾ ಗ್ರಂಥದ 5ನೇ ಅಧ್ಯಾಯದಲ್ಲಿ ಸ್ವರ್ಗದ ಹಿರಿಯರು ದೇವಜನರ ಪ್ರಾರ್ಥನೆಗಳನ್ನು ಧೂಪವಾಗಿ ಯಜ್ಞದ ಕುರಿಮರಿಯ ಮುಂದೆ ಹಿಡಿದಿದ್ದಾರೆ. ಪ್ರವಾದಿ ಯೆರೆಮೀಯ ತನ್ನ ಮರಣಾನಂತರ ಜನರಿಗಾಗಿ ಪ್ರಾರ್ಥಿಸುವ ದರ್ಶನ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿದೆ. ಆದರೆ ಆ ಗ್ರಂಥ ಪ್ರೊಟೆಸ್ಟೆಂಟ್ ಬೈಬಲಿನಲ್ಲಿಲ್ಲ. ಆದುದರಿಂದ ವಚನಕ್ಕೆ ವಚನ ಎದುರೊಡ್ಡಿ ವಾದದಲ್ಲಿ ಗೆಲ್ಲುವ ಆಸೆಯನ್ನು ನಾವು ಬಿಡುವುದು ಒಳಿತು.

ಧರ್ಮಸಭೆಯ ಆತ್ಮಪರೀಕ್ಷೆ

ಈ ವಿಷಯದಲ್ಲಿ ನಮ್ಮ ಧರ್ಮಸಭೆ ತನ್ನನ್ನು ತಾನೇ ಶೋಧಿಸಿಕೊಳ್ಳಲು ಹಿಂಜರಿದಿಲ್ಲ. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಸಂತರ ಪ್ರಾರ್ಥನಾಸಹಾಯವನ್ನು ಬೇಡುವುದು ಒಳಿತೆಂದು ಎತ್ತಿಹಿಡಿಯಿತು. ಅದೇ ಆಜ್ಞೆಯಲ್ಲಿ, ಕ್ರಿಸ್ತನೊಬ್ಬನೇ ರಕ್ಷಕನೆಂದೂ, ಸ್ವರೂಪಗಳಲ್ಲಿ ದೈವಶಕ್ತಿ ಇದೆಯೆಂದು ಭಾವಿಸಬಾರದೆಂದೂ, ಅವುಗಳ ಸುತ್ತ ಬೆಳೆದ ಮೂಢನಂಬಿಕೆಯನ್ನೂ ಹಣದಾಸೆಯನ್ನೂ ಕಿತ್ತೊಗೆಯಬೇಕೆಂದೂ ವಿಧಿಸಿತು.

ನಾಲ್ಕು ಶತಮಾನಗಳ ನಂತರ, 1963ರ ಅಕ್ಟೋಬರ್ 29ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಒಂದು ಕಠಿಣ ಆಯ್ಕೆಯನ್ನು ಎದುರಿಸಿತು. ಮಾತೆಯ ಕುರಿತು ಪ್ರತ್ಯೇಕ ದಾಖಲೆ ಹೊರಡಿಸಬೇಕೇ, ಅಥವಾ ಧರ್ಮಸಭೆಯನ್ನು ಕುರಿತ ದಾಖಲೆಯಲ್ಲೇ ಅಧ್ಯಾಯವೊಂದನ್ನು ಸೇರಿಸಬೇಕೇ? ಅಧ್ಯಾಯ ಸಾಕೆಂದವರು 1,114 ಮಂದಿ; ಪ್ರತ್ಯೇಕ ದಾಖಲೆ ಬೇಕೆಂದವರು 1,074. ಅಂತರ ಕೇವಲ 40 ಮತ. ಆ ನಿರ್ಣಯದ ಅರ್ಥ ಆಳವಾದುದು: ಮಾತೆ ಮರಿಯಮ್ಮನವರು ಧರ್ಮಸಭೆಯ ಆಚೆ ನಿಂತವರಲ್ಲ, ಅದರೊಳಗಿನ ಮೊದಲ ವಿಶ್ವಾಸಿ. 1964ರಲ್ಲಿ ಪ್ರಕಟವಾದ ಆ ಎಂಟನೆಯ ಅಧ್ಯಾಯವು ಮಾತೆಯ ಕುರಿತು ಅತಿಶಯೋಕ್ತಿಯೂ ಬೇಡ, ಸಂಕುಚಿತ ಮನಸ್ಸೂ ಬೇಡ ಎಂದು ಬೋಧಕರನ್ನು ಎಚ್ಚರಿಸುತ್ತದೆ.

ಈ ಎಚ್ಚರ ಇಂದಿಗೂ ಮುಂದುವರಿದಿದೆ. ಮಾತೆಯನ್ನು ‘ಸಹವಿಮೋಚಕಿ’ ಎಂದು ಕರೆಯುವುದು ಉಚಿತವಲ್ಲವೆಂದು ವ್ಯಾಟಿಕನ್ನಿನ ವಿಶ್ವಾಸಸಿದ್ಧಾಂತದ ಇಲಾಖೆ 2025ರ ನವೆಂಬರ್ 4ರಂದು ಪ್ರಕಟಿಸಿದ ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿತು. ಜಗದ್ಗುರು 14ನೇ ಲಿಯೋ ಅದನ್ನು ಅನುಮೋದಿಸಿದ್ದರು. ನಮ್ಮ ಮೈಸೂರಿನ ಭವ್ಯ ಕಥೀಡ್ರಲಿನೊಂದಿಗೆ ಹೆಸರು ಬೆರೆತಿರುವ ಸಂತ ಫಿಲೋಮಿನಾರ ವಿಷಯವನ್ನೂ ಇಲ್ಲಿ ನೆನೆಯಬಹುದು. ಅವರ ಜೀವನಕ್ಕೆ ಐತಿಹಾಸಿಕ ಆಧಾರ ಸಾಲದೆಂದು 1961ರಲ್ಲಿ ರೋಮ್ ಅವರ ಹಬ್ಬವನ್ನು ಪಂಚಾಂಗಗಳಿಂದ ತೆಗೆದುಹಾಕಿತು. ಆದರೆ ಜನರ ಭಕ್ತಿಯನ್ನು ಯಾರೂ ತಡೆಯಲಿಲ್ಲ. ಸತ್ಯಶೋಧನೆಯೂ ಭಕ್ತಿಯೂ ಪರಸ್ಪರ ಶತ್ರುಗಳಲ್ಲ.

ಇಷ್ಟಾದರೂ ಭಿನ್ನಾಭಿಪ್ರಾಯವೆಲ್ಲ ಅಳಿಯಿತೆಂದು ಹೇಳಲಾಗದು. ಅಮಲೋದ್ಭವ ಮತ್ತು ಸ್ವರ್ಗಸ್ವೀಕಾರವನ್ನು 1854 ಮತ್ತು 1950ರಲ್ಲಿ ವಿಶ್ವಾಸಸತ್ಯಗಳೆಂದು ಘೋಷಿಸಲಾಯಿತು. ಗ್ರಂಥದಲ್ಲಿ ನೇರವಾಗಿ ಕಾಣದ್ದನ್ನು ಎಲ್ಲರೂ ನಂಬಲೇಬೇಕೆಂದು ವಿಧಿಸಬಹುದೇ ಎಂಬ ಪ್ರಶ್ನೆಯನ್ನು ಅವರು ಕೇಳುತ್ತಲೇ ಇದ್ದಾರೆ. ಆಂಗ್ಲಿಕನ್ನರೂ ಕಥೋಲಿಕರೂ ಕೂಡಿ 2005ರಲ್ಲಿ ಮಾತೆಯ ಕುರಿತು ಹೊರತಂದ ಹೇಳಿಕೆ ಇಬ್ಬರನ್ನೂ ಬಹಳ ಹತ್ತಿರ ತಂದಿತು. ಬಾಗಿಲು ತೆರೆದಿದೆ, ದಾರಿ ಇನ್ನೂ ಉಳಿದಿದೆ.

ಶಿಫಾರಸೋ, ಸಹಪ್ರಾರ್ಥನೆಯೋ?

ಆದುದರಿಂದ ನಾವು ನಮ್ಮ ಮನೆಗಳ ಒಳಗೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಸರ್ಕಾರಿ ಕಚೇರಿಯಲ್ಲಿ ಕೆಲಸವಾಗಬೇಕಾದರೆ ನಾವು ಪ್ರಭಾವಿಗಳನ್ನು ಹುಡುಕುತ್ತೇವೆ. ಸಾಹೇಬರು ನಮ್ಮ ಮಾತು ಕೇಳಲಾರರು, ಅವರ ಆಪ್ತರು ಹೇಳಿದರೆ ಕೇಳಿಯಾರು ಎಂಬುದು ಅಲ್ಲಿನ ಲೆಕ್ಕ. ಸಂತರ ವಿಷಯದಲ್ಲೂ ನಮ್ಮ ಮನಸ್ಸು ಹೀಗೆಯೇ ಓಡುತ್ತಿಲ್ಲವೇ? ಮಗನು ಕಠೋರ, ತಾಯಿ ಕರುಣಾಳು. ತಾಯಿಯ ಮೂಲಕ ಹೋದರೆ ಕೆಲಸ ಸುಲಭ ಎಂಬ ಭಾವನೆ ನಮ್ಮಲ್ಲಿದ್ದರೆ, ಪ್ರೊಟೆಸ್ಟೆಂಟರ ಆಕ್ಷೇಪಣೆ ಧರ್ಮಸಭೆಯ ಬೋಧನೆಗೆ ತಗಲದಿದ್ದರೂ ನಮಗೆ ತಗಲುತ್ತದೆ. ಶಿಲುಬೆಯ ಮೇಲೆ ಪ್ರಾಣ ಕೊಟ್ಟವನ ಮನ ಒಲಿಸಲು ಯಾರ ಶಿಫಾರಸೂ ಬೇಕಾಗಿಲ್ಲ.

ಸರಿಯಾದ ಹೋಲಿಕೆ ನಮ್ಮ ಮನೆಯಲ್ಲೇ ಇದೆ. ಮಗ ಪರೀಕ್ಷೆಗೆ ಹೊರಡುವಾಗ ಅಜ್ಜಿಯ ಬಳಿ ಬಂದು “ನನಗಾಗಿ ಪ್ರಾರ್ಥಿಸಜ್ಜಿ” ಎನ್ನುತ್ತಾನೆ. ದೇವರು ತನ್ನ ಪ್ರಾರ್ಥನೆ ಕೇಳುವುದಿಲ್ಲವೆಂದು ಅವನು ಹಾಗೆ ಹೇಳುವುದಿಲ್ಲ. ಪ್ರೀತಿಸುವವರೊಡನೆ ಕೂಡಿ ಬೇಡಬೇಕೆಂಬ ಆಸೆಯಿಂದ ಹೇಳುತ್ತಾನೆ. ಅಜ್ಜಿ ತೀರಿಕೊಂಡರೆ ಆ ಪ್ರೀತಿ ಮಣ್ಣಾಗುವುದಿಲ್ಲವೆಂಬ ನಂಬಿಕೆಯೇ ಸಂತರ ಅನ್ಯೋನ್ಯತೆ. ವಿಶ್ವಾಸಪ್ರಮಾಣದಲ್ಲಿ ನಾವು ಪ್ರತಿ ಬಾರಿ ಉಚ್ಚರಿಸುವುದು ಅದನ್ನೇ.

ಕಾನಾ ಊರಿನ ಮದುವೆಯಲ್ಲಿ ಮಾತೆ ಮಾಡಿದ್ದು ಎರಡೇ ಕೆಲಸ. ಮನೆಯವರ ಕೊರತೆಯನ್ನು ಮಗನಿಗೆ ತಿಳಿಸಿದರು. ಅನಂತರ ಸೇವಕರನ್ನು ಮಗನ ಮಾತಿಗೆ ಒಪ್ಪಿಸಿದರು. ಶುಭಸಂದೇಶಗಳಲ್ಲಿ ಅದರ ನಂತರ ಆಕೆಯ ಬಾಯಿಂದ ಬಂದ ಮಾತು ಬೇರೊಂದು ದಾಖಲಾಗಿಲ್ಲ. ನಮ್ಮ ಭಕ್ತಿಗೆ ಅದಕ್ಕಿಂತ ಒಳ್ಳೆಯ ಒರೆಗಲ್ಲು ಇರಲಾರದು. ಹರಕೆ ತೀರಿಸಿ ಬಂದವರು ಭಾನುವಾರದ ಬಲಿಪೂಜೆಗೆ ಇನ್ನಷ್ಟು ಹತ್ತಿರವಾದರೆ, ಜಪಸರ ಮುಗಿಸಿ ಎದ್ದವರು ನೆರೆಯವರೊಡನೆ ರಾಜಿಯಾದರೆ, ಮಾತೆ ತನ್ನ ಕೆಲಸ ಮಾಡಿದ್ದಾರೆ ಎಂದೇ ಅರ್ಥ.

ಆದ್ದರಿಂದ ಕುಟುಂಬಗಳಲ್ಲಿ ನಮ್ಮ ಸಲಹೆ ಇಷ್ಟು. ಜಪಸರ ಹೇಳುವ ಮುನ್ನ ಆಯಾ ರಹಸ್ಯಕ್ಕೆ ಸಂಬಂಧಿಸಿದ ಶುಭಸಂದೇಶದ ಭಾಗವನ್ನು ಓದಿರಿ. ಪ್ರೊಟೆಸ್ಟೆಂಟ್ ಮನೆಯಿಂದ ಬಂದ ಸೊಸೆಗೆ ಆ ಓದನ್ನು ಒಪ್ಪಿಸಿರಿ, ಜಪಕ್ಕೆ ಬಲವಂತ ಮಾಡಬೇಡಿರಿ. ಮಕ್ಕಳು ಪ್ರಶ್ನೆ ಕೇಳಿದಾಗ ಗದರದೆ ಕೂಡಿಸಿಕೊಂಡು ವಿವರಿಸಿರಿ. ತೆನೆಯನ್ನು ಮನೆಗೆ ತಂದ ದಿನ ಪಕ್ಕದ ಪ್ರೊಟೆಸ್ಟೆಂಟ್ ಮನೆಯವರನ್ನೂ ಊಟಕ್ಕೆ ಕರೆಯಿರಿ. ಮಾತೆಯ ವಿಷಯದಲ್ಲಿ ನಾವು ಬೇರೆ ಬೇರೆಯಾಗಿ ಮಾತನಾಡಬಹುದು. ಆಕೆಯ ಮಗನ ಮುಂದೆ ಮೊಣಕಾಲೂರುವಾಗ ನಾವು ಒಂದೇ ಮನೆಯವರು.